ಓಟಗಾರರ ಹೊಟ್ಟೆಗೂ ಬೇಕು ತಾಲೀಮು

ಜನವರಿಯ ಮೂರನೆಯ ಭಾನುವಾರ ನಡೆಯುವ ಮುಂಬಯಿ ಮ್ಯಾರಥಾನ್‌ಗೆ ನಗರದ ಮೂಲೆಮೂಲೆಗಳಲ್ಲಿ ತಿಂಗಳುಗಟ್ಟಲೆ ತಯಾರಿ ನಡೆಯುತ್ತದೆ. ಶಿವಾಜಿ ಪಾರ್ಕ್, ಮರೀನ್ ಡ್ರೈವ್, ಬೊರಿವಲಿಯ ರಾಷ್ಟ್ರೀಯ ಉದ್ಯಾನ, ಠಾಣೆಯ ಯೇವೂರು ಗುಡ್ಡ ಎಲ್ಲೆಡೆಯೂ ಬೆಳಕು ಹರಿಯುವ ಮುನ್ನವೇ ಓಡುವವರನ್ನು ಕಾಣಬಹುದು. 2004ರಲ್ಲಿ ಶುರುವಾದ ಈ ಓಟ ಕಚೇರಿ ಕೆಲಸದವರನ್ನೂ ಗೃಹಿಣಿಯರನ್ನೂ ನಿವೃತ್ತರನ್ನೂ ಕ್ರೀಡಾಪಟುಗಳನ್ನಾಗಿ ಮಾಡಿದೆ. ಅವರು ಕಾಲಿನ ಬಲಕ್ಕೆ, ಉಸಿರಿನ ಹಿಡಿತಕ್ಕೆ, ಒಳ್ಳೆಯ ಬೂಟಿಗೆ ಸಾಕಷ್ಟು ಗಮನ ಕೊಡುತ್ತಾರೆ. ಆದರೂ 25-30 ಕಿಲೋಮೀಟರ್ ದಾಟುವ ಹೊತ್ತಿಗೆ ಎಷ್ಟೋ ಜನರನ್ನು ನಿಲ್ಲಿಸುವುದು ಕಾಲಲ್ಲ, ಹೊಟ್ಟೆ. ವಾಕರಿಕೆ, ಹುಳಿತೇಗು, ಹೊಟ್ಟೆಯುಬ್ಬರ, ಪಕ್ಕೆಯಲ್ಲಿ ಹಿಡಿತ, ಕರುಳು ನುಲಿದಂಥ ನೋವು, ತಡೆಯಲಾಗದ ಶೌಚದ ಒತ್ತಡ ಇವೆಲ್ಲ ದೂರದ ಓಟಗಾರರಿಗೆ ಚೆನ್ನಾಗಿ ಗೊತ್ತಿರುವ ಸಂಕಟಗಳು. 2005ರ ಲಂಡನ್ ಮ್ಯಾರಥಾನ್‌ನಲ್ಲಿ ಪೌಲಾ ರ‍್ಯಾಡ್‌ಕ್ಲಿಫ್‌ರಂಥ ವಿಶ್ವದಾಖಲೆಯ ಓಟಗಾರ್ತಿಯೇ ಕೊನೆಯ ಕೆಲವು ಮೈಲಿಗಳಿರುವಾಗ ರಸ್ತೆಬದಿಯಲ್ಲಿ ನಿಲ್ಲಬೇಕಾಯಿತು. ಆಮೇಲೂ ಅವರು 2 ಗಂಟೆ 17 ನಿಮಿಷ 42 ಸೆಕೆಂಡಿನಲ್ಲಿ ಗೆದ್ದರು. ಆದ್ದರಿಂದ ಇದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ, ಮುಚ್ಚಿಡಬೇಕಾದ್ದೂ ಇಲ್ಲ.

ಇಂಥ ತೊಂದರೆ ಬಂದಾಗ ಹೆಚ್ಚಿನವರು ಎರಡು ದಾರಿ ಹಿಡಿಯುತ್ತಾರೆ. ‘ನನ್ನ ಹೊಟ್ಟೆಯೇ ಸೂಕ್ಷ್ಮ’ ಎಂದು ಕೈಚೆಲ್ಲುತ್ತಾರೆ, ಇಲ್ಲವೇ ಹಾಲು, ಗೋಧಿ, ಬೇಳೆ ಎಂದು ಒಂದೊಂದನ್ನೇ ಬಿಡುತ್ತ ತಟ್ಟೆಯನ್ನು ಬರಿದು ಮಾಡಿಕೊಳ್ಳುತ್ತಾರೆ. ಎರಡೂ ಅವಸರದ ತೀರ್ಮಾನ. ಬಹುತೇಕ ಆರೋಗ್ಯವಂತ ಓಟಗಾರರಲ್ಲಿ ಹೊಟ್ಟೆ ಕೆಟ್ಟಿರುವುದಿಲ್ಲ. ಓಡುತ್ತಲೇ ಕೆಲಸ ಮಾಡುವ ಅಭ್ಯಾಸ ಅದಕ್ಕೆ ಆಗಿರುವುದಿಲ್ಲ, ಅಷ್ಟೆ. ಸ್ನಾಯುಗಳಂತೆಯೇ ಜಠರ ಮತ್ತು ಕರುಳೂ ಅಭ್ಯಾಸಕ್ಕೆ ಒಗ್ಗುತ್ತವೆ. ಅದು ಹೇಗೆ, ಯಾವ ಕ್ರಮದಲ್ಲಿ ಎಂಬುದನ್ನು ಮುಂಬಯಿಯ ಹವೆ, ನೀರು, ಊಟ, ಲೋಕಲ್ ರೈಲಿನ ವೇಳೆ ಎಲ್ಲವನ್ನೂ ಗಮನದಲ್ಲಿಟ್ಟು ನೋಡೋಣ.

ಓಡುವಾಗ ಒಳಗೆ ನಡೆಯುವುದೇನು?

ಸುಮ್ಮನೆ ಕುಳಿತಾಗ ಹೃದಯ ಪಂಪು ಮಾಡುವ ರಕ್ತದಲ್ಲಿ ದೊಡ್ಡ ಪಾಲು ಜೀರ್ಣಾಂಗಗಳಿಗೆ ಹೋಗುತ್ತದೆ. ಓಟ ಶುರುವಾದೊಡನೆ ಕಾಲಿನ ಸ್ನಾಯುಗಳು ರಕ್ತ ಬೇಡುತ್ತವೆ. ಮೈ ಬಿಸಿಯಾದಂತೆ ಚರ್ಮವೂ ತನ್ನ ಪಾಲು ಕೇಳುತ್ತದೆ. ಈ ಎರಡನ್ನೂ ಪೂರೈಸಲು ದೇಹ ಕರುಳಿನ ಪಾಲಿಗೆ ಕತ್ತರಿ ಹಾಕುತ್ತದೆ. ತುಸು ಜೋರಿನ ಓಟ ಗಂಟೆಗಟ್ಟಲೆ ಸಾಗಿದರೆ ಕರುಳಿನ ರಕ್ತಪೂರೈಕೆ ಶೇ 80ರವರೆಗೂ ಇಳಿಯಬಹುದು. ಆಮ್ಲಜನಕ ಸಾಲದ ಕರುಳಿನ ಒಳಪದರ ದಣಿಯುತ್ತದೆ, ಹೀರುವ ಶಕ್ತಿ ಕುಗ್ಗುತ್ತದೆ. ಹೀರಲಾಗದೆ ಉಳಿದ ಸಕ್ಕರೆ ನೀರನ್ನು ತನ್ನತ್ತ ಎಳೆದುಕೊಂಡು ದೊಡ್ಡಕರುಳಿಗೆ ಇಳಿದು ಅಲ್ಲಿ ಹುದುಗುತ್ತದೆ. ಉಬ್ಬರ, ನುಲಿತ, ಭೇದಿಗಳಿಗೆ ಇದೇ ಮೂಲ. ಇದರ ಜೊತೆಗೆ ಓಟದ ಕುಲುಕಾಟ ಕೆಳಹೊಟ್ಟೆಯನ್ನು ಕೆರಳಿಸುತ್ತದೆ. ಸ್ಪರ್ಧೆಯ ದಿನದ ಆತಂಕವಂತೂ ಜಠರ ಖಾಲಿಯಾಗುವುದನ್ನು ತಡಮಾಡಿ, ದೊಡ್ಡಕರುಳನ್ನು ಅವಸರಪಡಿಸುತ್ತದೆ.

ಮುಂಬಯಿಯಲ್ಲಿ ಇದಕ್ಕೆ ಇನ್ನೊಂದು ಕಷ್ಟ ಸೇರುತ್ತದೆ. ಇಲ್ಲಿನ ಗಾಳಿಯಲ್ಲಿ ತೇವ ಹೆಚ್ಚು, ಹಾಗಾಗಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಬೆವರು ಆರದಿದ್ದರೆ ಮೈ ತಣಿಯದು. ಮೈ ತಣಿಯದಿದ್ದರೆ ಚರ್ಮಕ್ಕೆ ಇನ್ನಷ್ಟು ರಕ್ತ ಬೇಕು, ಕರುಳಿಗೆ ಇನ್ನಷ್ಟು ಕೊರತೆ. ಪುಣೆಯ ಚಳಿಯಲ್ಲೋ ಬೆಂಗಳೂರಿನ ತಂಪಿನಲ್ಲೋ ಯಾವ ತಕರಾರೂ ಇಲ್ಲದೆ ಇಳಿದ, ಓಟಗಾರರು ಶಕ್ತಿಗಾಗಿ ತಿನ್ನುವ ಸಿಹಿ ಜೆಲ್, ಅಕ್ಟೋಬರದ ಧಗೆಯಲ್ಲಿ ಮರೀನ್ ಡ್ರೈವ್‌ನಲ್ಲಿ ವಾಂತಿ ತರಿಸಬಹುದು. ತಪ್ಪು ಜೆಲ್‌ನದಲ್ಲ. ಅದೇ ವೇಗವನ್ನು ಅದೇ ಸೆಖೆಯಲ್ಲಿ ಹಟ ಹಿಡಿದು ಕಾಯ್ದುಕೊಂಡದ್ದು ಕಾರಣ. ತೇವ ಹೆಚ್ಚಿರುವ ದಿನ ವೇಗ ತಗ್ಗಿಸುವುದೇ ಹೊಟ್ಟೆಗೆ ಮೊದಲ ಮದ್ದು.

ಹೊಟ್ಟೆಯನ್ನು ಪಳಗಿಸಬಹುದೆಂಬುದಕ್ಕೆ ಆಧಾರ

ಸಣ್ಣಕರುಳಿನ ಗೋಡೆಯಲ್ಲಿ ಗ್ಲೂಕೋಸ್ ಒಳಹೋಗಲು ಒಂದು ಬಾಗಿಲು, ಹಣ್ಣಿನ ಸಕ್ಕರೆಯಾದ ಫ್ರಕ್ಟೋಸ್‌ಗೆ ಬೇರೆಯೇ ಬಾಗಿಲು ಇದೆ. ದಾದರ್‌ನಲ್ಲಿ ಲೋಕಲ್ ನಿಂತಾಗ ಇಡೀ ಜನಸಂದಣಿ ಒಂದೇ ಬಾಗಿಲಿಗೆ ನುಗ್ಗಿದರೆ ಅರ್ಧ ಜನ ಪ್ಲಾಟ್‌ಫಾರ್ಮಿನಲ್ಲೇ ಉಳಿಯುತ್ತಾರೆ. ಎರಡು ಬಾಗಿಲಿಗೆ ಹಂಚಿಹೋದರೆ ಹೆಚ್ಚು ಜನ ಹತ್ತುತ್ತಾರೆ. ಕರುಳಿನ ಲೆಕ್ಕವೂ ಹೀಗೆಯೇ. ಗ್ಲೂಕೋಸ್ ಒಂದನ್ನೇ ಕೊಟ್ಟರೆ ಗಂಟೆಗೆ ಸುಮಾರು 60 ಗ್ರಾಂ ದಾಟಿದ ಮೇಲೆ ಉಳಿದದ್ದು ಕರುಳಿನಲ್ಲೇ ನಿಲ್ಲುತ್ತದೆ. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಕೂಡಿಸಿ ಕೊಟ್ಟರೆ, ಪಳಗಿದ ಓಟಗಾರರು ಗಂಟೆಗೆ 90 ಗ್ರಾಂವರೆಗೂ ತಾಳಿಕೊಳ್ಳುತ್ತಾರೆ. ನಮ್ಮ ಅಡುಗೆಮನೆಯ ಸಕ್ಕರೆಯ ಪ್ರತಿ ಕಣದಲ್ಲೂ ಈ ಎರಡೂ ಸಮಪಾಲಾಗಿ ಇವೆ ಎಂಬುದನ್ನು ಗಮನಿಸಿ. ಬೆಲ್ಲದಲ್ಲೂ ಮುಖ್ಯವಾಗಿ ಇರುವುದು ಅದೇ ಸಕ್ಕರೆ.

ಈ ಬಾಗಿಲುಗಳು ಬಳಕೆಗೆ ತಕ್ಕಂತೆ ಹೆಚ್ಚುತ್ತವೆ. ಮೆಲ್ಬರ್ನಿನ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಓಟಗಾರರು ಎರಡು ವಾರ ಓಡುತ್ತಲೇ ಗಂಟೆಗೆ 90 ಗ್ರಾಂ ಶರ್ಕರಪಿಷ್ಟ ಸೇವಿಸುವ ಅಭ್ಯಾಸ ಮಾಡಿದರು. ಕೆಲವರು ಜೆಲ್ ರೂಪದಲ್ಲಿ, ಕೆಲವರು ಸಾಮಾನ್ಯ ಆಹಾರದ ರೂಪದಲ್ಲಿ. ಎರಡೂ ಗುಂಪಿನವರಲ್ಲಿ ಹೊಟ್ಟೆಯ ತೊಂದರೆ ತಗ್ಗಿತು, ಆದರೆ ಸಕ್ಕರೆಯಿಲ್ಲದ ಹುಸಿ ಜೆಲ್ ಪಡೆದವರಲ್ಲಿ ಅಂಥ ಸುಧಾರಣೆ ಕಾಣಲಿಲ್ಲ. ಜಠರವೂ ತುಂಬಿದ ಸ್ಥಿತಿಯಲ್ಲಿ ಓಡುವುದಕ್ಕೆ ಒಗ್ಗಿಕೊಳ್ಳುತ್ತದೆ, ಹಿಗ್ಗಿದಾಗಿನ ಕಿರಿಕಿರಿ ಬರಬರುತ್ತ ಕಡಿಮೆಯಾಗುತ್ತದೆ. ಗ್ಲೂಕೋಸ್‌ನ ಬಾಗಿಲಿಗೆ ಇನ್ನೊಂದು ಗುಣವಿದೆ. ಅದು ತೆರೆಯಬೇಕಾದರೆ ಸೋಡಿಯಂ, ಎಂದರೆ ಉಪ್ಪು, ಜೊತೆಗಿರಬೇಕು. ಇವೆರಡರ ಹಿಂದೆ ನೀರೂ ಒಳಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ರೋಗಿಗಳನ್ನು ಡಾ. ದಿಲೀಪ್ ಮಹಲನಾಬಿಸ್ ಉಪ್ಪು-ಗ್ಲೂಕೋಸ್ ನೀರು ಕುಡಿಸಿ ಬದುಕಿಸಿದ್ದು ಇದೇ ತತ್ತ್ವದ ಮೇಲೆ. ಓಟಗಾರನ ಬಾಟಲಿಯಲ್ಲಿ ಸಕ್ಕರೆಯೊಡನೆ ಚಿಟಿಕೆ ಉಪ್ಪಿರಬೇಕು ಎನ್ನುವುದೂ ಇದಕ್ಕೇ.

ಮೊದಲು ನೀರು ಮತ್ತು ಕೈ

ತಾಲೀಮಿಗೆ ಮುನ್ನ ಒಂದು ಮಾತು. ಜನವರಿಯ ಓಟಕ್ಕೆ ತಯಾರಿ ಶುರುವಾಗುವುದು ಮಳೆಗಾಲದಲ್ಲಿ ಅಥವಾ ಅದರ ಬೆನ್ನಿಗೆ. ಮುಂಬಯಿಯಲ್ಲಿ ಹೊಟ್ಟೆಯ ಸೋಂಕು, ಟೈಫಾಯಿಡ್, ಕಾಮಾಲೆ ಹೆಚ್ಚುವುದೂ ಅದೇ ಕಾಲದಲ್ಲಿ, ಮಹಾನಗರಪಾಲಿಕೆ ನೀರು ಕುದಿಸಿ ಕುಡಿಯಲು ಹೇಳುವುದೂ ಆಗಲೇ. ಒಮ್ಮೆ ಜೋರಾಗಿ ಭೇದಿಯಾದರೆ ಕರುಳಿನ ಒಳಪದರ ಚೇತರಿಸಿಕೊಳ್ಳಲು ವಾರಗಳೇ ಬೇಕಾಗಬಹುದು. ಆ ಅವಧಿಯಲ್ಲಿ ಮೊದಲು ಹಾಲು ಜೀರ್ಣವಾಗುತ್ತಿದ್ದವರಿಗೂ ಹಾಲು ಒಗ್ಗದಿರುವುದುಂಟು. ಆದ್ದರಿಂದ ಅಭ್ಯಾಸಕ್ಕೆ ಒಯ್ಯುವ ನೀರನ್ನು ಮನೆಯಲ್ಲೇ ಕುದಿಸಿ ಆರಿಸಿ ತುಂಬಿಕೊಳ್ಳಿ. ಸಕ್ಕರೆ ನೀರು ಹಾಕಿದ ಬಾಟಲಿಯನ್ನು ಅದೇ ದಿನ ಬಿಸಿನೀರು, ಸಾಬೂನು, ಬ್ರಷ್ ಬಳಸಿ ತೊಳೆಯಿರಿ. ಮುಚ್ಚಳದ ಸಂದಿಯಲ್ಲಿ ಕಪ್ಪಗೆ ಕೂರುವ ಲೋಳೆಯನ್ನು ಒಮ್ಮೆ ಬೆರಳಿನಿಂದ ಕೆರೆದು ನೋಡಿದರೆ ಇದು ಎಷ್ಟು ಮುಖ್ಯವೆಂದು ಅರಿವಾಗುತ್ತದೆ. ಲೋಕಲ್‌ನಲ್ಲಿ ಕಂಬ ಹಿಡಿದ ಕೈಯಲ್ಲೇ ಬಾಳೆಹಣ್ಣು ಸುಲಿದು ತಿನ್ನಬೇಡಿ. ಸೋಂಕಿನ ಭೇದಿ ಬೇರೆ, ಓಟದ ಭೇದಿ ಬೇರೆ. ಮೊದಲನೆಯದನ್ನು ತಡೆಯದೆ ಎರಡನೆಯದಕ್ಕೆ ತಾಲೀಮು ಕೊಡುವುದರಲ್ಲಿ ಅರ್ಥವಿಲ್ಲ.

ಹಂತ ಹಂತವಾಗಿ ಅಭ್ಯಾಸ

1. ಎರಡು ವಾರ ಬರೆದಿಡಿ. ಹಿಂದಿನ ರಾತ್ರಿ ಏನು ತಿಂದಿರಿ, ಓಟಕ್ಕೆ ಎಷ್ಟು ಹೊತ್ತು ಮುಂಚೆ ತಿಂದಿರಿ, ಓಟದ ದೂರ ಮತ್ತು ವೇಗ, ಸೆಖೆ ಹೇಗಿತ್ತು, ಎಷ್ಟು ಕುಡಿದಿರಿ, ತೊಂದರೆ ಯಾವ ಹೊತ್ತಿಗೆ ಬಂತು, ಯಾವ ಬಗೆಯದು ಎಂದು ಗುರುತು ಹಾಕಿ. ಮಹಿಳೆಯರು ಮುಟ್ಟಿನ ದಿನಗಳನ್ನೂ ಬರೆದುಕೊಳ್ಳಬೇಕು. ಆ ದಿನಗಳಲ್ಲಿ ಗರ್ಭಕೋಶವನ್ನು ಸಂಕುಚಿಸುವ ಪ್ರೊಸ್ಟಗ್ಲಾಂಡಿನ್‌ಗಳು ಕರುಳನ್ನೂ ಚುರುಕುಗೊಳಿಸುವುದರಿಂದ ಭೇದಿಯಾಗುವುದು ಸಾಮಾನ್ಯ. ವಾಕರಿಕೆ, ಎದೆಯುರಿ ಮೇಲ್ಹೊಟ್ಟೆಯ ದೂರು, ಸಮಯ ಮತ್ತು ಪ್ರಮಾಣ ಬದಲಿಸಿದರೆ ಅದು ತಗ್ಗುತ್ತದೆ. ನುಲಿತ, ಭೇದಿ ಕೆಳಹೊಟ್ಟೆಯ ದೂರು, ಅಲ್ಲಿ ಹಿಂದಿನ ಒಂದೆರಡು ದಿನದ ಆಹಾರವನ್ನು ನೋಡಬೇಕು. ಈ ಭೇದ ತಿಳಿಯದೆ ಮಾಡುವ ಬದಲಾವಣೆಯೆಲ್ಲ ಕತ್ತಲಲ್ಲಿ ಕಲ್ಲೆಸೆದಂತೆ.

2. ಊಟಕ್ಕೂ ಓಟಕ್ಕೂ ಅಂತರ ನಿಗದಿ ಮಾಡಿ. ಪೂರ್ತಿ ಊಟಕ್ಕೆ ಮೂರರಿಂದ ನಾಲ್ಕು ಗಂಟೆ, ಲಘು ತಿಂಡಿಗೆ ಎರಡು ಗಂಟೆ, ಒಂದು ಸಣ್ಣ ಬಾಳೆಹಣ್ಣಿನಂಥದ್ದಕ್ಕೆ ಮುಕ್ಕಾಲು ಗಂಟೆ ಬಿಡುವು ಸಾಮಾನ್ಯವಾಗಿ ಸಾಕು. ಕೊಬ್ಬು, ನಾರು, ಹೆಚ್ಚು ಪ್ರೋಟೀನ್ ಇವು ಮೂರೂ ಜಠರ ಖಾಲಿಯಾಗುವುದನ್ನು ನಿಧಾನಿಸುತ್ತವೆ. ಮಿಸಳ್‌ಪಾವ್‌ನಲ್ಲಿ ಮೊಳಕೆಕಾಳು, ಎಣ್ಣೆ ತೇಲುವ ಕಟ್, ಫರಸಾಣ, ಹಸಿ ಈರುಳ್ಳಿ ಎಲ್ಲವೂ ಒಟ್ಟಿಗೇ ಇರುವುದರಿಂದ ಅದು ಓಟ ಮುಗಿದ ಮೇಲಿನ ತಿಂಡಿ, ಮುಂಚಿನದಲ್ಲ. ಸಂಜೆ ಕಬಡ್ಡಿಗೋ ಫುಟ್‌ಬಾಲಿಗೋ ಇಳಿಯುವವರು ಮಧ್ಯಾಹ್ನದ ಊಟವನ್ನು ಒಂದರೊಳಗೆ ಮುಗಿಸಿ, ನಾಲ್ಕರ ಸುಮಾರಿಗೆ ಹಗುರವಾಗಿ ಏನಾದರೂ ತಿನ್ನುವುದು ಲೇಸು. ಬಗ್ಗಿ ಆಡುವ, ಮೈಮೇಲೆ ಬೀಳುವ ಆಟಗಳಲ್ಲಿ ತುಂಬಿದ ಹೊಟ್ಟೆಯಿಂದ ಆಮ್ಲ ಮೇಲೇರಿ ಎದೆಯುರಿ ಬರುವುದು ಹೆಚ್ಚು.

3. ದೀರ್ಘ ಓಟದ ಹಿಂದಿನ ದಿನ ನಾರು ತಗ್ಗಿಸಿ. ಇಡೀ ವರ್ಷ ನಾರು ಬೇಕು. ಆದರೆ ದೂರದ ಓಟಕ್ಕೆ ಮುಂಚಿನ 24ರಿಂದ 48 ಗಂಟೆ ಮಾತ್ರ ಸೊಪ್ಪು, ಕಾಳು, ಕೋಸು, ಹೆಚ್ಚು ಈರುಳ್ಳಿ-ಬೆಳ್ಳುಳ್ಳಿ, ಇಸಬ್‌ಗೋಲು ಬದಿಗಿರಲಿ. ಈ ವಿಷಯದಲ್ಲಿ ನಮ್ಮ ಊಟ ನಮಗೆ ಅನುಕೂಲವಾಗಿದೆ. ಮಾಟುಂಗಾದಲ್ಲಿ 1942ರಿಂದ ನಡೆದುಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನ ಬಾಳೆಲೆ ಊಟವನ್ನೇ ಮನಸ್ಸಿಗೆ ತಂದುಕೊಳ್ಳಿ. ಅನ್ನ, ತಿಳಿಸಾರು, ಮಜ್ಜಿಗೆ ಓಟಗಾರರಿಗೆ ಹೇಳಿ ಮಾಡಿಸಿದ ಆಹಾರ. ಕಾಳಿನ ಪಲ್ಯ, ಪೂರಿ, ದಪ್ಪ ಸಾಂಬಾರನ್ನು ಆ ಒಂದು ದಿನ ಬಿಟ್ಟರೆ ಸಾಕು. ಇಡ್ಲಿಯ ಉದ್ದಿನಬೇಳೆಯಲ್ಲೂ ವಾಯು ತರುವ ಸಕ್ಕರೆಗಳಿವೆ, ಆದರೆ ನೆನೆಸಿ ರುಬ್ಬಿ ರಾತ್ರಿಯಿಡೀ ಹುದುಗಿಸುವಾಗ ಅವುಗಳ ಅಂಶ ಇಳಿಯುತ್ತದೆ. ಬೇಳೆ ತಿಂದರೆ ಉಬ್ಬರವಾಗುವ ಎಷ್ಟೋ ಜನರಿಗೆ ಇಡ್ಲಿ ಹಿತವಾಗಿರುವುದಕ್ಕೆ ಇದೂ ಕಾರಣ. ಅದರ ಪಕ್ಕದ ತೆಂಗಿನಕಾಯಿ ಚಟ್ನಿ ಕೊಬ್ಬು, ಸಾಂಬಾರು ಬೇಳೆ ಮತ್ತು ಈರುಳ್ಳಿ. ಓಟದ ಮುಂಜಾನೆ ಇಡ್ಲಿಗೆ ಜೇನು ಅಥವಾ ಸಕ್ಕರೆ ಸಾಕು.

4. ಎಂಟು ವಾರ ಓಡುತ್ತಲೇ ತಿನ್ನುವುದನ್ನು ಅಭ್ಯಾಸ ಮಾಡಿ. ಇದೇ ಮುಖ್ಯ ತಾಲೀಮು. ವಾರದ ದೀರ್ಘ ಓಟದಲ್ಲಿ, ಸಾಧ್ಯವಾದರೆ ನಡುವಿನ ಇನ್ನೊಂದು ಓಟದಲ್ಲೂ ಇದನ್ನು ಮಾಡಿ. ಮೊದಲ ಎರಡು ವಾರ ಗಂಟೆಗೆ 30 ಗ್ರಾಂ ಶರ್ಕರಪಿಷ್ಟ, ಮೂರು-ನಾಲ್ಕನೆಯ ವಾರ 40ರಿಂದ 45, ಐದು-ಆರನೆಯ ವಾರ 50ರಿಂದ 60 ಗ್ರಾಂ. ಕೊನೆಯ ಎರಡು ವಾರ ಒಗ್ಗಿದ ಪ್ರಮಾಣವನ್ನೇ ಉಳಿಸಿಕೊಳ್ಳಿ. 60 ಗ್ರಾಂ ಮೀರುವುದು ಎರಡೂವರೆ ಗಂಟೆಗಿಂತ ಹೆಚ್ಚು ಹೊತ್ತು ಓಡುವ, ಅಷ್ಟು ಒಗ್ಗಿಸಿಕೊಂಡವರಿಗೆ ಮಾತ್ರ, ಅದೂ ಗ್ಲೂಕೋಸ್-ಫ್ರಕ್ಟೋಸ್ ಬೆರೆಸಿ. ಒಂದು ಗಂಟೆಯೊಳಗಿನ ಓಟಕ್ಕೆ ನೀರೇ ಸಾಕು. ತಿನ್ನುವುದನ್ನು ಒಂದೇ ಸಲಕ್ಕೆ ಇಳಿಸದೆ 20 ನಿಮಿಷಕ್ಕೊಮ್ಮೆ ಹಂಚಿಕೊಳ್ಳಿ. ಸಣ್ಣ ಏಲಕ್ಕಿ ಬಾಳೆಯಲ್ಲಿ ಸುಮಾರು 12-15 ಗ್ರಾಂ, ದೊಡ್ಡ ಬಾಳೆಯಲ್ಲಿ 25 ಗ್ರಾಂ, ಸಾಮಾನ್ಯ ಜೆಲ್‌ನಲ್ಲಿ 20-25 ಗ್ರಾಂ ಶರ್ಕರಪಿಷ್ಟವಿರುತ್ತದೆ. ಖರ್ಜೂರ, ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆಯೂ ನಡೆಯುತ್ತದೆ. ಜೆಲ್ ತಿಂದರೆ ಜೊತೆಗೆ ನೀರು ಮಾತ್ರ. ಆ ವಾರ ತೊಂದರೆಯಾದರೆ ಹಿಂದಿನ ಮೆಟ್ಟಿಲಿಗೆ ಇಳಿದು ಇನ್ನೊಂದು ವಾರ ಅಲ್ಲಿಯೇ ಇರಿ. ಮಧುಮೇಹ ಇರುವವರು ಈ ಪ್ರಮಾಣಗಳನ್ನು ವೈದ್ಯರೊಡನೆ ಮಾತಾಡಿಯೇ ನಿರ್ಧರಿಸಬೇಕು.

5. ಎಷ್ಟು ಕುಡಿಯಬೇಕೆಂದು ತೂಗಿ ತಿಳಿಯಿರಿ. ಓಟಕ್ಕೆ ಮುಂಚೆ ಮತ್ತು ನಂತರ ಬೆವರು ಒರೆಸಿ, ಆದಷ್ಟು ಕಡಿಮೆ ಬಟ್ಟೆಯಲ್ಲಿ ತೂಕ ನೋಡಿ. ಒಂದು ಕಿಲೋ ಇಳಿದಿದ್ದರೆ ಸರಿಸುಮಾರು ಒಂದು ಲೀಟರ್ ಬೆವರು ಕುಡಿದದ್ದಕ್ಕಿಂತ ಹೆಚ್ಚಾಗಿ ಹೋಗಿದೆ ಎಂದರ್ಥ. ಅಷ್ಟನ್ನೂ ಓಡುತ್ತಲೇ ತುಂಬುವ ಅಗತ್ಯವಿಲ್ಲ. ತೂಕ ಏರಿದ್ದರೆ ಮಾತ್ರ ಎಚ್ಚರ, ಅದು ಅತಿಯಾಗಿ ಕುಡಿದದ್ದರ ಗುರುತು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ 13ರಷ್ಟು ಜನರಲ್ಲಿ ಸೋಡಿಯಂ ಸಾಮಾನ್ಯ ಮಟ್ಟಕ್ಕಿಂತ ಕೆಳಗಿಳಿದಿತ್ತು. ಓಡುವಾಗ ತೂಕ ಹೆಚ್ಚಿಸಿಕೊಂಡವರಲ್ಲಿ ಅದು ಹೆಚ್ಚಾಗಿ ಕಂಡಿತು. ಮನೆಯಲ್ಲೇ ಪಾನೀಯ ಮಾಡಿಕೊಳ್ಳುವುದಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ 60 ಗ್ರಾಂ ಸಕ್ಕರೆ, ಕಾಲು ಟೀ ಚಮಚ ಉಪ್ಪು, ಅರ್ಧ ನಿಂಬೆಹಣ್ಣಿನ ರಸ. ಇದಕ್ಕಿಂತ ಗಟ್ಟಿ ಮಾಡಿದರೆ ಜಠರದಿಂದ ಬೇಗ ಇಳಿಯುವುದಿಲ್ಲ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಹೋಗುವ ಸೋಡಿಯಂ ಕಡಿಮೆ. ಓಡುವಾಗ ಅದೊಂದನ್ನೇ ನಂಬಬೇಡಿ.

6. ಸ್ಪರ್ಧೆಯ ಗಡಿಯಾರವನ್ನು ಮೊದಲೇ ಓಡಿಸಿ ನೋಡಿ. ಹವ್ಯಾಸಿಗಳ ಪೂರ್ಣ ಮ್ಯಾರಥಾನ್ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ ಬಳಿ ಬೆಳಗಿನ ಜಾವ 5ರ ಸುಮಾರಿಗೆ ಹೊರಡುತ್ತದೆ. ಠಾಣೆ, ಡೊಂಬಿವಲಿ, ವಿರಾರ್ ಕಡೆಯವರು ಅಲ್ಲಿಗೆ ಮುಟ್ಟಬೇಕಾದರೆ ನಡುರಾತ್ರಿ ಕಳೆಯುತ್ತಲೇ ಏಳಬೇಕು. ಓಟಕ್ಕೆ ಮೂರು ಗಂಟೆ ಮುಂಚೆ ಊಟ ಎಂಬ ಪುಸ್ತಕದ ಸೂತ್ರವನ್ನು ಪಾಲಿಸಿದರೆ ರಾತ್ರಿ ಎರಡಕ್ಕೆ ಉಣ್ಣಬೇಕಾಗುತ್ತದೆ. ಎದ್ದೊಡನೆ ಯಾರ ಹೊಟ್ಟೆಯೂ ಅದಕ್ಕೆ ಸಿದ್ಧವಿರುವುದಿಲ್ಲ. ಇದಕ್ಕೆ ಉಪಾಯವೆಂದರೆ ಭಾರವನ್ನು ಶನಿವಾರಕ್ಕೆ ಸರಿಸುವುದು. ಅಂದು ಮಧ್ಯಾಹ್ನ ಅನ್ನದ ಊಟ ಚೆನ್ನಾಗಿ ಮಾಡಿ, ಸಂಜೆ ಏಳರೊಳಗೆ ಹಗುರವಾಗಿ ಉಂಡು ಮಲಗಿ. ಎರಡೂವರೆಯ ಸುಮಾರಿಗೆ ಮೂರು ಇಡ್ಲಿ, ಒಂದು ಬಾಳೆಹಣ್ಣು, ಒಂದು ಲೋಟ ನೀರು, ರೂಢಿಯಿದ್ದರೆ ಸಣ್ಣ ಲೋಟ ಕಾಫಿ. ಕಾಫಿ ದೊಡ್ಡಕರುಳನ್ನು ಚುರುಕುಗೊಳಿಸುವುದರಿಂದ ಮನೆ ಬಿಡುವ ಮುನ್ನವೇ ಶೌಚ ಮುಗಿಯುವಷ್ಟು ಸಮಯ ಇಟ್ಟುಕೊಳ್ಳಿ. ನಾಲ್ಕೂಕಾಲರ ಹೊತ್ತಿಗೆ ಅರ್ಧ ಬಾಳೆಹಣ್ಣೋ ನಾಲ್ಕು ಗುಟುಕು ಸಕ್ಕರೆ ನೀರೋ ಸಾಕು. ಈ ಇಡೀ ಕ್ರಮವನ್ನು ಸ್ಪರ್ಧೆಗೆ ಮುನ್ನ ಕನಿಷ್ಠ ಮೂರು ಭಾನುವಾರ ಅದೇ ವೇಳೆಗೆ ಎದ್ದು ಮಾಡಿ ನೋಡಿ. ಕರುಳಿಗೂ ದಿನದ ಗಡಿಯಾರವಿದೆ. ಅದು ಒಂದೇ ರಾತ್ರಿಯಲ್ಲಿ ಹೊಂದಿಕೊಳ್ಳದು.

7. ದಾರಿಯಲ್ಲಿ ಕೆಟ್ಟರೆ ಹೀಗೆ ಮಾಡಿ. ಪೆಡ್ಡರ್ ರೋಡಿನ ಏರಿನಲ್ಲಿ ವಾಕರಿಕೆ ಬಂದರೆ ಮೊದಲು ವೇಗ ಇಳಿಸಿ, ಐದು ನಿಮಿಷ ನಡೆಯಿರಿ. ತಲೆ, ಕತ್ತಿಗೆ ನೀರು ಸುರಿದುಕೊಂಡು ಮೈ ತಣಿಸಿ. ಸಿಹಿಯಾದ ಎಲ್ಲವನ್ನೂ ನಿಲ್ಲಿಸಿ ಬರೀ ನೀರನ್ನು ಗುಟುಕರಿಸಿ. ಹೊಟ್ಟೆ ಶಾಂತವಾದ ಮೇಲೆ ಅರ್ಧ ಪ್ರಮಾಣದಿಂದ ಮತ್ತೆ ಶುರು ಮಾಡಿ. ವೇಗ ತಗ್ಗಿದರೆ ಕರುಳಿಗೆ ರಕ್ತ ಮರಳುತ್ತದೆ, ಹತ್ತು ನಿಮಿಷದಲ್ಲೇ ಎಷ್ಟೋ ಬಾರಿ ಸ್ಥಿತಿ ಸುಧಾರಿಸುತ್ತದೆ. ಶೌಚದ ಒತ್ತಡವಿದ್ದರೆ ತಡೆದುಕೊಂಡು ಓಡಬೇಡಿ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಮೊದಲನೆಯ ಮತ್ತು ಅತಿ ಅಪಾಯದ ತಪ್ಪು ನೋವಿನ ಮಾತ್ರೆ. ಮೊಣಕಾಲು ನೋಯದಿರಲೆಂದು ಓಟಕ್ಕೆ ಮುನ್ನ ಐಬುಪ್ರೊಫೆನ್, ಡೈಕ್ಲೊಫೆನಾಕ್ ನುಂಗುವವರಿದ್ದಾರೆ. ರಕ್ತ ಸಾಲದೆ ಬಳಲುತ್ತಿರುವ ಕರುಳಿಗೆ ಇವು ಇನ್ನಷ್ಟು ಗಾಯ ಮಾಡುತ್ತವೆ. ಐಬುಪ್ರೊಫೆನ್ ನುಂಗಿ ವ್ಯಾಯಾಮ ಮಾಡಿದವರಲ್ಲಿ ಕರುಳಿನ ಹಾನಿ ಹೆಚ್ಚುವುದನ್ನು ಸಂಶೋಧಕರು ಅಳೆದು ತೋರಿಸಿದ್ದಾರೆ. ಬೆವರಿ ನೀರು ಕಳೆದುಕೊಂಡ ಮೈಯಲ್ಲಿ ಮೂತ್ರಪಿಂಡಕ್ಕೂ ಇವು ಕೇಡು. ಮಾತ್ರೆಯಿಲ್ಲದೆ ಓಡಲಾಗದಷ್ಟು ನೋವಿದ್ದರೆ ಅಂದು ಓಡಬಾರದು.

ಎರಡನೆಯದು, ಬಿಬ್ ಪಡೆಯಲು ಹೋದ ಎಕ್ಸ್‌ಪೋದಲ್ಲಿ ಸಿಕ್ಕ ಹೊಸ ಜೆಲ್ಲನ್ನೋ ಪಾನೀಯವನ್ನೋ ಮರುದಿನ ಓಟದಲ್ಲೇ ಪರೀಕ್ಷಿಸುವುದು. ಮೂರನೆಯದು, ‘ಸಕ್ಕರೆರಹಿತ’ ಪ್ರೋಟೀನ್ ಬಾರ್‌ಗಳನ್ನು ನಂಬುವುದು. ಅವುಗಳಲ್ಲಿ ಸಿಹಿಗಾಗಿ ಹಾಕುವ ಸಾರ್ಬಿಟಾಲ್, ಮಾಲ್ಟಿಟಾಲ್‌ನಂಥವು ಕರುಳಿನಲ್ಲಿ ಪೂರ್ತಿ ಹೀರಲ್ಪಡದೆ ಭೇದಿ ತರುತ್ತವೆ. ಲೇಬಲ್ ಓದಿ ಕೊಳ್ಳಿ. ನಾಲ್ಕನೆಯದು, ಜೆಲ್ ತಿಂದು ಅದರ ಮೇಲೆ ಸ್ಪೋರ್ಟ್ಸ್ ಡ್ರಿಂಕ್ ಕುಡಿದು ಹೊಟ್ಟೆಯಲ್ಲಿ ಪಾಕ ಮಾಡಿಕೊಳ್ಳುವುದು. ಐದನೆಯದು, ಭೇದಿಯಾದಾಗ ಅಂಗಡಿಯಲ್ಲಿ ಸಿಹಿ ಪಾನೀಯವನ್ನೇ ಓಆರ್‌ಎಸ್ ಎಂದು ಕೊಂಡು ಕುಡಿಯುವುದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು ಇರುತ್ತದೆ, ರುಚಿ ಸಿಹಿಗಿಂತ ಉಪ್ಪುಪ್ಪಾಗಿರುತ್ತದೆ. ಈ ಸೂತ್ರಕ್ಕೆ ಹೊಂದದ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಎಂದು ಹಾಕಿಕೊಳ್ಳದಂತೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ತಡೆಹಾಕಿದೆ.

ಆರನೆಯದನ್ನು ತಪ್ಪು ಎನ್ನುವುದಕ್ಕಿಂತ ನಗರ ಹೇರಿದ ಕಷ್ಟ ಎನ್ನಬೇಕು. ದಾರಿಯಲ್ಲಿ ಶುಚಿಯಾದ ಶೌಚಾಲಯ ಸಿಗದೆಂಬ ಹೆದರಿಕೆಯಿಂದ ಎಷ್ಟೋ ಮಹಿಳೆಯರು ನೀರೇ ಕುಡಿಯದೆ ಓಡುತ್ತಾರೆ. ಸಾರ್ವಜನಿಕ ಶೌಚಾಲಯಕ್ಕಾಗಿ ಮುಂಬಯಿಯ ಸಂಘಟನೆಗಳು 2011ರಿಂದ ‘ರೈಟ್ ಟು ಪೀ’ ಎಂಬ ಆಂದೋಲನವನ್ನೇ ನಡೆಸಬೇಕಾಯಿತು ಎಂದರೆ ಕೊರತೆಯ ಆಳ ತಿಳಿಯುತ್ತದೆ. ನೀರು ಬಿಟ್ಟರೆ ರಕ್ತದ ಪ್ರಮಾಣ ಇಳಿದು ಕರುಳಿನ ಸಂಕಟ ಹೆಚ್ಚುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ. ಉದ್ಯಾನ, ರೈಲು ನಿಲ್ದಾಣ, ಪರಿಚಿತರ ಮನೆ ಹೀಗೆ ಶೌಚಾಲಯ ಸಿಗುವ ಜಾಗಗಳನ್ನು ಜೋಡಿಸಿ, ಅದೇ ಸುತ್ತನ್ನು ಮತ್ತೆ ಮತ್ತೆ ಓಡುವ ದಾರಿ ಗೊತ್ತುಮಾಡಿಕೊಳ್ಳುವುದು ಸದ್ಯದ ಪರಿಹಾರ. ಓಟದ ಗುಂಪುಗಳು ದಾರಿ ನಿಗದಿ ಮಾಡುವಾಗ ಇದನ್ನು ಮೊದಲ ಷರತ್ತಾಗಿ ಇಟ್ಟುಕೊಳ್ಳಬೇಕು.

ಕೇಳಿಬರುವ ಆಕ್ಷೇಪಗಳು

‘ಖಾಲಿ ಹೊಟ್ಟೆಯಲ್ಲಿ ಓಡಿದರೆ ಯಾವ ತೊಂದರೆಯೂ ಇಲ್ಲವಲ್ಲ’ ಎನ್ನುವವರಿದ್ದಾರೆ. ಒಂದು ಗಂಟೆಯ ನಿಧಾನದ ಓಟಕ್ಕೆ ಈ ಮಾತು ಸರಿ. ಆದರೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯಾದ ಗ್ಲೈಕೋಜೆನ್ ಮ್ಯಾರಥಾನ್‌ನ ಇಡೀ ದೂರಕ್ಕೆ ಸಾಲುವುದಿಲ್ಲ. ಸದಾ ಖಾಲಿ ಹೊಟ್ಟೆಯಲ್ಲಿ ಅಭ್ಯಾಸ ಮಾಡಿ ಸ್ಪರ್ಧೆಯ ದಿನ ಮಾತ್ರ ಜೆಲ್ ತಿಂದರೆ, ಕರುಳು ಎಂದೂ ಮಾಡದ ಕೆಲಸವನ್ನು ಅತಿ ಕಷ್ಟದ ದಿನ ಮಾಡಬೇಕಾಗುತ್ತದೆ. ಕರುಳಿಗೆ ವಾರವಾರವೂ ಸ್ವಲ್ಪ ಕೆಲಸ ಕೊಟ್ಟರೆ ಆ ದಿನದ ಹೊರೆ ಹಗುರಾಗುತ್ತದೆ. ದಿನವಿಡೀ ಕಡಿಮೆ ತಿಂದು ಹೆಚ್ಚು ಓಡುವವರಲ್ಲಿ ಮಲಬದ್ಧತೆ, ಉಬ್ಬರ ಕಾಣಿಸಿಕೊಳ್ಳುವುದೂ ಸಾಮಾನ್ಯ. ಅಂಥವರಿಗೆ ಬೇಕಾದ ಔಷಧ ಊಟವೇ.

‘ಗೋಧಿ ಬಿಟ್ಟರೆ ಸರಿಹೋಗುತ್ತದೆ’ ಎಂಬುದು ಇನ್ನೊಂದು ಮಾತು. ಸೀಲಿಯಾಕ್ ಕಾಯಿಲೆ ಇದ್ದವರು ಬಿಡಲೇಬೇಕು, ಅದಕ್ಕೆ ರಕ್ತಪರೀಕ್ಷೆಯಿದೆ. ಪರೀಕ್ಷೆಗೆ ಮುನ್ನವೇ ಗೋಧಿ ಬಿಟ್ಟರೆ ಫಲಿತಾಂಶ ತಪ್ಪಾಗಬಹುದು. ಉಳಿದವರ ಬಗ್ಗೆ 2015ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸೀಲಿಯಾಕ್ ಇಲ್ಲದ ಸೈಕ್ಲಿಸ್ಟ್‌ಗಳಿಗೆ ತಾವು ತಿನ್ನುತ್ತಿರುವುದರಲ್ಲಿ ಗೋಧಿಯ ಪ್ರೋಟೀನ್ ಆದ ಗ್ಲುಟೆನ್ ಇದೆಯೋ ಇಲ್ಲವೋ ತಿಳಿಯದಂತೆ ಆಹಾರ ಕೊಟ್ಟು ನೋಡಲಾಯಿತು. ಹೊಟ್ಟೆಯ ತೊಂದರೆಯಲ್ಲಾಗಲಿ ಸಾಮರ್ಥ್ಯದಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಹಾಲಿನ ವಿಷಯ ಬೇರೆ. ದಕ್ಷಿಣ ಭಾರತೀಯರಲ್ಲಿ ಹಾಲಿನ ಸಕ್ಕರೆ ಅರಗದವರು ಬಹಳ, ಆದ್ದರಿಂದ ಓಟಕ್ಕೆ ಮುನ್ನ ಹಾಲು ಬಿಟ್ಟು ನೋಡುವುದರಲ್ಲಿ ಅರ್ಥವಿದೆ. ಹೆಪ್ಪಾಗುವಾಗ ಆ ಸಕ್ಕರೆ ಒಂದಿಷ್ಟು ಕರಗುವುದರಿಂದ ಮೊಸರನ್ನ ಅನೇಕರಿಗೆ ಒಗ್ಗುತ್ತದೆ. ನಿಯಮ ಇಷ್ಟೇ: ಒಂದು ಸಲಕ್ಕೆ ಒಂದೇ ಆಹಾರ ಬಿಡಿ, ಎರಡು ವಾರ ನೋಡಿ, ವ್ಯತ್ಯಾಸವಾಗದಿದ್ದರೆ ಮರಳಿ ತಟ್ಟೆಗೆ ತನ್ನಿ.

ವೈದ್ಯರನ್ನು ಕಾಣಲೇಬೇಕಾದಾಗ

ಮೇಲಿನ ಕ್ರಮವೆಲ್ಲ ಆರೋಗ್ಯವಂತರಿಗೆ. ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯುವುದು, ನಿದ್ದೆಯಿಂದ ಎಬ್ಬಿಸುವ ಭೇದಿ, ಜ್ವರ, ನಿಲ್ಲದ ವಾಂತಿ, ನುಂಗಲು ಕಷ್ಟ, ರಕ್ತಹೀನತೆ ಇವುಗಳಲ್ಲಿ ಒಂದಿದ್ದರೂ ತಾಲೀಮು ನಿಲ್ಲಿಸಿ ಜೀರ್ಣಾಂಗ ತಜ್ಞರನ್ನು ಕಾಣಿ. ಓಡುವಾಗ ಎದೆಯಲ್ಲಿ ಬಿಗಿತವೋ ಉರಿಯೋ ಬಂದು ನಿಂತೊಡನೆ ಕಡಿಮೆಯಾದರೆ, ನೋವು ಭುಜಕ್ಕೆ ದವಡೆಗೆ ಹರಿದರೆ, ತಣ್ಣನೆ ಬೆವರು ಬಂದರೆ ಅದನ್ನು ‘ಗ್ಯಾಸ್’ ಎಂದು ತಳ್ಳಿಹಾಕಿ ಜೆಲುಸಿಲ್ ಕುಡಿದು ಕೂರಬೇಡಿ. ಅದು ಹೃದಯದ ಕರೆಯಾಗಿರಬಹುದು. ತಕ್ಷಣ ನಿಂತು ಸಹಾಯ ಕೇಳಿ. ಓಟದ ನಡುವೆ ಗೊಂದಲ, ಮಾತು ತೊದಲುವುದು, ತೀವ್ರ ತಲೆನೋವಿನೊಡನೆ ವಾಂತಿ ಕಂಡರೂ ಹೀಗೆಯೇ. ಅಂಥ ಹೊತ್ತಿನಲ್ಲಿ ನೀರು ಕುಡಿಸುವುದಕ್ಕಿಂತ ವೈದ್ಯಕೀಯ ಡೇರೆಗೆ ಕರೆದೊಯ್ಯುವುದು ಮುಖ್ಯ.

ಹೊಟ್ಟೆಯ ತಾಲೀಮಿಗೆ ದುಬಾರಿ ಸಾಮಾನು ಬೇಡ. ಒಂದು ನೋಟ್‌ಬುಕ್, ತೂಕದ ಯಂತ್ರ, ಕುದಿಸಿದ ನೀರು, ಸಕ್ಕರೆ-ಉಪ್ಪು, ಬಾಳೆಹಣ್ಣು, ಜೊತೆಗೆ ಎಂಟು ವಾರದ ತಾಳ್ಮೆ ಸಾಕು. ಕಾಲಿಗೆ ದೂರವನ್ನು ಮೆಲ್ಲಮೆಲ್ಲನೆ ಏರಿಸಬೇಕೆಂದು ಎಲ್ಲ ಓಟಗಾರರೂ ಒಪ್ಪುತ್ತಾರೆ. ಅದೇ ನ್ಯಾಯವನ್ನು ಹೊಟ್ಟೆಗೂ ಸಲ್ಲಿಸಬೇಕು. ಮುಂದಿನ ಭಾನುವಾರದ ದೀರ್ಘ ಓಟಕ್ಕೆ ಗಂಟೆಗೆ 30 ಗ್ರಾಂ ಲೆಕ್ಕದಲ್ಲಿ ಬಾಟಲಿ ತುಂಬಿಕೊಂಡು ಹೊರಡಿ, ಮನೆಗೆ ಬಂದು ಏನಾಯಿತೆಂದು ಬರೆದಿಡಿ. ಅಭ್ಯಾಸ ಅಲ್ಲಿಂದ ಶುರುವಾಗಲಿ.